ಲೀಟರಿಗೆ ನಾಲ್ಕು ರೂಪಾಯಿ ಕಡಿಮೆ ಬೆಲೆಯ ಡೀಸೆಲ್ ನಂಬಬಹುದೇ? ಉದ್ರಿ ಪಂಪಿನ ಡೀಸೆಲನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಎರಡು ಲಾರಿಯ ಮಾಲೀಕ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಎರಡು ಹತ್ತು ಗಾಲಿಯ ಲಾರಿಗಳನ್ನು ಇಟ್ಟುಕೊಂಡು ಸಂಸಾರ ನಡೆಸುತ್ತಿರುವವನು ನಾನು. ಒಂದು 2015ರ ಹಳೆಯ ಗಾಡಿ. ಇನ್ನೊಂದು 2021ರಲ್ಲಿ ಸಾಲ ಮಾಡಿ ತಂದ, ಬಿಎಸ್-6 ಎಂಬ ಹೊಗೆ ಮಾಲಿನ್ಯದ ಮಾನದಂಡಕ್ಕೆ ತಯಾರಾದ ಗಾಡಿ. ಬ್ಯಾಡಗಿಯ ಮೆಣಸಿನಕಾಯಿ, ಹಾವೇರಿ ಮತ್ತು ರಾಣೆಬೆನ್ನೂರು ಕಡೆಯ ಗೋವಿನಜೋಳ ತುಂಬಿಕೊಂಡು ಪುಣೆಯವರೆಗೆ ಹೋಗಿ, ಅಲ್ಲಿ ಸಿಕ್ಕ ಲೋಡಿನೊಂದಿಗೆ ಮರಳುವುದು ನಮ್ಮ ನಿತ್ಯದ ಓಡಾಟ. ಎರಡೂ ಗಾಡಿಗಳಿಗೆ ತಿಂಗಳಿಗೆ ಹೆಚ್ಚುಕಡಿಮೆ ನಾಲ್ಕು ಸಾವಿರ ಲೀಟರ್ ಡೀಸೆಲ್ ಬೇಕಾಗುತ್ತದೆ.

ಆರು ವರ್ಷಗಳಿಂದ ಬೈಪಾಸ್ ಹತ್ತಿರದ ಒಂದೇ ಪಂಪಿನಲ್ಲಿ ಹಾಕಿಸುತ್ತಿದ್ದೇನೆ. ಅಲ್ಲಿ ನನಗೆ ಹದಿನೈದು ದಿನಗಳ ಉದ್ರಿ ಇದೆ, ಜೊತೆಗೆ ತಿಂಗಳ ಕೊನೆಯ ಲೆಕ್ಕದಲ್ಲಿ ಲೀಟರಿಗೆ 50 ಪೈಸೆ ಬಿಟ್ಟುಕೊಡುತ್ತಾರೆ. ಆದರೆ ಕಳೆದ ಮೂರು ತಿಂಗಳಲ್ಲಿ ಹೊಸ ಗಾಡಿಯ ಆವರೇಜ್, ಅಂದರೆ ಲೀಟರಿಗೆ ಓಡುವ ಕಿಲೋಮೀಟರ್, 4.1ರಿಂದ 3.8ಕ್ಕೆ ಇಳಿದಿದೆ. ಇಂಧನದಲ್ಲಿ ನೀರಿದೆ ಎಂದು ಸೂಚಿಸುವ ದೀಪ ಎರಡು ಬಾರಿ ಹೊತ್ತಿಕೊಂಡಿತು, ಎಂಜಿನಿಗೆ ಡೀಸೆಲ್ ಚಿಮ್ಮಿಸುವ ಎರಡು ನಾಝಲ್ ಕೆಟ್ಟಿವೆ ಎಂದು ರಿಪೇರಿ ಅಂಗಡಿಯವರು ಹೇಳಿದ್ದಾರೆ. ಆರು ವರ್ಷ ಉದ್ರಿ ಕೊಟ್ಟವರ ಎದುರು ನಿಂತು ‘ನಿಮ್ಮ ಡೀಸೆಲ್ ಸರಿಯಿಲ್ಲ’ ಎನ್ನಲು ನನಗೆ ಬಾಯಿ ಬರುತ್ತಿಲ್ಲ, ಏಕೆಂದರೆ ಅವರ ಪುಸ್ತಕದಲ್ಲಿ ಈಗಲೂ ನನ್ನ ಹೆಸರಿನ ಮುಂದೆ ಒಂದೂವರೆ ಲಕ್ಷ ರೂಪಾಯಿ ಬಾಕಿ ಇದೆ.

ಈ ನಡುವೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಬರುವ ಒಬ್ಬರು, ತಾವು ರಾತ್ರಿ ಹೊತ್ತು ಸಣ್ಣ ಟ್ಯಾಂಕರಿನಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೇ ‘ಬಯೋಡೀಸೆಲ್’ ತಂದುಕೊಡುವುದಾಗಿಯೂ ಪಂಪಿನ ಬೆಲೆಗಿಂತ ಲೀಟರಿಗೆ ನಾಲ್ಕು ರೂಪಾಯಿ ಕಡಿಮೆ ತೆಗೆದುಕೊಳ್ಳುವುದಾಗಿಯೂ ಹೇಳುತ್ತಿದ್ದಾರೆ. ತಿಂಗಳಿಗೆ ಹದಿನಾರು ಸಾವಿರ ರೂಪಾಯಿ ಉಳಿಯುವ ಮಾತು. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ ಶೇ 18.44ಕ್ಕೆ, ಮತ್ತೆ 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿದ ಮೇಲೆ ಲೀಟರಿನ ಬೆಲೆ ಎರಡು ಕಂತಿನಲ್ಲಿ ಸುಮಾರು ಐದು ರೂಪಾಯಿ ಮೇಲೆ ಹೋಯಿತು. ನಮ್ಮ ಬಾಡಿಗೆ ಆ ಪ್ರಮಾಣದಲ್ಲಿ ಏರಲಿಲ್ಲ. ಆದ್ದರಿಂದ ಈ ಹದಿನಾರು ಸಾವಿರವನ್ನು ಸುಲಭವಾಗಿ ತಳ್ಳಿಹಾಕಲು ನನ್ನಿಂದ ಆಗುತ್ತಿಲ್ಲ. ಪಂಪಿನ ಡೀಸೆಲ್ ಕೆಟ್ಟದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ, ನ್ಯಾಯವಾದ ರಿಯಾಯಿತಿ ಎಷ್ಟಿರಬಹುದು, ಡೀಸೆಲಿಗೆ ದುಡ್ಡು ಕೊಡಲು ಎಣ್ಣೆ ಕಂಪನಿಗಳು ಗಾಡಿ ಮಾಲೀಕರಿಗೆ ಕೊಡುವ ಫ್ಲೀಟ್ ಕಾರ್ಡು ನನ್ನಂಥ ಸಣ್ಣ ಮಾಲೀಕರಿಗೆ ಉಪಯೋಗವಾದೀತೇ ಎಂಬುದನ್ನು ಅನುಭವ ಇದ್ದವರು ದಯವಿಟ್ಟು ತಿಳಿಸಿರಿ.

ಉತ್ತರ 1: ಪಂಪು-ನಾಝಲ್ ಕೆಲಸದವರು, ಹುಬ್ಬಳ್ಳಿ

ಮಾಲೀಕರೇ, ಪಂಪಿನವರನ್ನು ಕೇಳುವ ಮೊದಲು ನಿಮ್ಮ ಗಾಡಿಯ ಟ್ಯಾಂಕನ್ನೇ ಒಮ್ಮೆ ನೋಡಿರಿ. ನನ್ನ ಬೆಂಚಿಗೆ ಬರುವ ನಾಝಲ್‌ಗಳಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ಅದು ನೀರಿನ ಕೆಲಸ. ಸೂಜಿಯ ಮೈಯಲ್ಲಿ ಉದ್ದಕ್ಕೆ ಗೀರುಗಳು ಬಿದ್ದಿದ್ದರೆ ಅದು ಮಣ್ಣಿನ ಕಣಗಳ ಕೆಲಸ, ಇಲ್ಲವೇ ಡೀಸೆಲಿನಲ್ಲಿ ಜಿಡ್ಡು ಸಾಲದೆ ಆದ ಸವೆತ. ನಿಮ್ಮ ಅಂಗಡಿಯವರು ಬಿಚ್ಚಿದ ನಾಝಲ್‌ಗಳನ್ನು ಎಸೆಯದಂತೆ ತಿಳಿಸಿ, ಇವೆರಡರಲ್ಲಿ ಯಾವುದೆಂದು ಕೇಳಿಕೊಳ್ಳಿರಿ. ಹಳೆಯ ಗಾಡಿಗಳ ನಾಝಲ್ ಒಂದಿಷ್ಟು ಕೆಟ್ಟ ಡೀಸೆಲನ್ನೂ ತಡೆದುಕೊಳ್ಳುತ್ತಿತ್ತು. ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ನಿಮ್ಮ ಹೊಸ ಗಾಡಿಯಂಥ ಕಾಮನ್ ರೈಲ್ ಗಾಡಿಯಲ್ಲಿ ಡೀಸೆಲಿನ ಒತ್ತಡ 1,600 ಬಾರ್ ದಾಟುತ್ತದೆ, ಸೂಜಿಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್ ಇರುತ್ತದೆ. ಅಲ್ಲಿ ಒಂದು ಹನಿ ನೀರು ಸಹ ಹಾನಿ ಮಾಡುತ್ತದೆ.

ರಾತ್ರಿಯಿಡೀ ನಿಂತಿದ್ದ ಗಾಡಿಯ ವಾಟರ್ ಸೆಪರೇಟರಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕಾಲು ಲೀಟರಿನಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ, ಅರ್ಧ ಗಂಟೆ ಅಲುಗಾಡದಂತೆ ಇಡಿರಿ. ನೀರು ಭಾರವಾದ್ದರಿಂದ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಕಪ್ಪು ಲೋಳೆ ಕಂಡರೆ, ನೀರು ಬಹಳ ದಿನ ನಿಂತು ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದು ತಿಳಿಯಿರಿ. ಆಗ ಟ್ಯಾಂಕ್ ಇಳಿಸಿ ತೊಳೆಯದೆ ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ರಾತ್ರಿ ನಿಲ್ಲುವ ಗಾಡಿಗಳಲ್ಲಿ ಒಳಗಿನ ಗಾಳಿಯ ತೇವವೇ ತಂಪಾಗಿ ನೀರಾಗುತ್ತದೆ, ಮುಚ್ಚಳದ ರಬ್ಬರ್ ಹರಿದಿದ್ದರಂತೂ ಮಳೆಯ ನೀರು ನೇರವಾಗಿ ಇಳಿಯುತ್ತದೆ. ಆವರೇಜ್ ಇಳಿಯಲು ಏರ್ ಫಿಲ್ಟರ್, ಟೈರಿನ ಗಾಳಿ, ಬಿಗಿಯಾಗಿ ಹಿಡಿದ ಬ್ರೇಕ್ ಸಹ ಕಾರಣವಾಗಬಹುದು, ಅವನ್ನೂ ನೋಡಿಸಿರಿ.

ಉತ್ತರ 2: ಪೆಟ್ರೋಲ್ ಪಂಪಿನ ನಿವೃತ್ತ ವ್ಯವಸ್ಥಾಪಕ, ಧಾರವಾಡ

ನಾನು ಇಪ್ಪತ್ತಮೂರು ವರ್ಷ ಹೆದ್ದಾರಿಯ ಪಂಪುಗಳಲ್ಲಿ ವ್ಯವಸ್ಥಾಪಕನಾಗಿದ್ದವನು. ಪರೀಕ್ಷೆ ಕೇಳುವುದು ಗ್ರಾಹಕರ ಹಕ್ಕು; ಉದ್ರಿ ಇದ್ದವರಿಗೂ ಆ ಹಕ್ಕು ಇದ್ದೇ ಇದೆ. ಬಾಕಿ ಇದ್ದ ಗ್ರಾಹಕರು ಕೇಳಲು ಹಿಂಜರಿಯುವುದನ್ನೂ ಆ ಹಿಂಜರಿಕೆಯನ್ನು ಕೆಲವರು ಲಾಭವಾಗಿ ಬಳಸಿಕೊಳ್ಳುವುದನ್ನೂ ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪಂಪುಗಳಲ್ಲಿ ಇಡುವ ಫಿಲ್ಟರ್ ಪೇಪರ್ ಪರೀಕ್ಷೆ ಪೆಟ್ರೋಲಿಗೆ ಮಾತ್ರ. ಡೀಸೆಲ್ ಹನಿ ಆ ಕಾಗದದ ಮೇಲೆ ಹೇಗೂ ಕಲೆ ಉಳಿಸುತ್ತದೆ. ಅದನ್ನು ನೋಡಿ ಕಲಬೆರಕೆ ಎಂದು ಜಗಳಕ್ಕೆ ನಿಲ್ಲುವವರನ್ನು ಬಹಳ ನೋಡಿದ್ದೇನೆ. ಡೀಸೆಲಿಗೆ ಕೇಳಬೇಕಾದದ್ದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಡೀಸೆಲ್ ಎಷ್ಟು ಕಿಲೋ ತೂಗುತ್ತದೆ ಎಂಬ ಅಂಕಿ. ಜಾರ್, ಡೆನ್ಸಿಟಿ ಅಳೆಯುವ ಹೈಡ್ರೋಮೀಟರ್, ಥರ್ಮಾಮೀಟರ್ ಮತ್ತು ಪರಿವರ್ತನೆಯ ಕೋಷ್ಟಕ ಪ್ರತಿ ಪಂಪಿನಲ್ಲಿ ಇರಲೇಬೇಕು. ಹೈಡ್ರೋಮೀಟರಿನಲ್ಲಿ ಕಂಡ ಅಂಕಿಯನ್ನು ಹಾಗೆಯೇ ತೆಗೆದುಕೊಳ್ಳಬಾರದು, ಏಕೆಂದರೆ ಡೀಸೆಲ್ ಒಂದು ಡಿಗ್ರಿ ಬಿಸಿಯಾದರೆ ಡೆನ್ಸಿಟಿ ಸುಮಾರು 0.7ರಷ್ಟು ಇಳಿಯುತ್ತದೆ. ನಮ್ಮ ಕಡೆ 30 ಡಿಗ್ರಿಯಲ್ಲಿ 815 ತೋರಿಸಿದ ಡೀಸೆಲ್, ಕೋಷ್ಟಕದ ಪ್ರಕಾರ 15 ಡಿಗ್ರಿಗೆ ಬದಲಿಸಿದಾಗ ಸುಮಾರು 825 ಆಗುತ್ತದೆ. ಹೀಗೆ ಬಂದ ಅಂಕಿಯನ್ನು, ಟ್ಯಾಂಕರ್ ಬಂದ ದಿನದ ಚಲನ್‌ ಅಂಕಿಯನ್ನು ಆಧರಿಸಿ ಪಂಪಿನ ರಿಜಿಸ್ಟರಿನಲ್ಲಿ ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಬೇಕು. ಎರಡರ ನಡುವೆ 3ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾರಾಟ ನಿಲ್ಲಿಸಿ ಕಂಪನಿಗೆ ತಿಳಿಸಬೇಕಾದ ಹೊಣೆ ಪಂಪಿನವರದು.

ಈ ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಸೀಮೆಎಣ್ಣೆ ಡೀಸೆಲಿಗಿಂತ ಹಗುರ. 830 ಇದ್ದ ಡೀಸೆಲಿಗೆ ಹತ್ತರಲ್ಲಿ ಒಂದು ಪಾಲು ಸೀಮೆಎಣ್ಣೆ ಬೆರೆಸಿದರೆ ಡೆನ್ಸಿಟಿ ಮೂರು ನಾಲ್ಕು ಅಂಕಿ ಮಾತ್ರ ಇಳಿಯುತ್ತದೆ, ಅಂದರೆ ಅಷ್ಟು ಕಲಬೆರಕೆ ಈ ಪರೀಕ್ಷೆಯ ಅಂಚಿನಲ್ಲೇ ನುಸುಳಿ ಹೋಗಬಹುದು. ಅನುಮಾನ ಬಲವಾಗಿದ್ದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕಂಪನಿಗೆ ಲಿಖಿತವಾಗಿ ಕೇಳಬೇಕು. ಇನ್ನೊಂದು ಸಂಗತಿ: ಬಿಎಸ್-6 ಡೀಸೆಲಿನ ಡೆನ್ಸಿಟಿ 810ರಿಂದ 845ರವರೆಗೆ ಎಲ್ಲಿದ್ದರೂ ಮಾನದಂಡದ ಒಳಗೇ ಇರುತ್ತದೆ. 840ರ ಡೀಸೆಲಿನಿಂದ 820ರ ಡೀಸೆಲಿಗೆ ಬದಲಾದರೆ ಲೀಟರಿನಲ್ಲಿರುವ ತೂಕವೇ ಶೇ 2ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ, ಅದರೊಂದಿಗೆ ಆವರೇಜ್ ಸಹ ಸ್ವಲ್ಪ ಇಳಿಯುತ್ತದೆ. ಅಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ಆದರೆ 4.1ರಿಂದ 3.8ಕ್ಕೆ ಇಳಿದದ್ದು ಶೇ 7ಕ್ಕೂ ಹೆಚ್ಚು. ಅಷ್ಟಕ್ಕೆ ಡೆನ್ಸಿಟಿಯೊಂದೇ ಕಾರಣವಾಗಲಾರದು.

ಗುಣಮಟ್ಟದಷ್ಟೇ ಮುಖ್ಯವಾದದ್ದು ಅಳತೆ. ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಒತ್ತಿದ ಐದು ಲೀಟರಿನ ಅಳತೆಪಾತ್ರೆ ಪ್ರತಿ ಪಂಪಿನಲ್ಲಿ ಇರುತ್ತದೆ. ಅದನ್ನು ಮೊದಲು ಒಮ್ಮೆ ಡೀಸೆಲಿನಿಂದ ತುಂಬಿಸಿ, ಖಾಲಿ ಮಾಡಿ, ಒದ್ದೆಯಾದ ಪಾತ್ರೆಗೇ ಮತ್ತೆ ಐದು ಲೀಟರ್ ಹಾಕಿಸಿರಿ. ಐದು ಲೀಟರಿಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಬೆಳಗಿನ ಜಾವ ಹಾಕಿಸಿದರೆ ಡೀಸೆಲ್ ಹೆಚ್ಚು ಸಿಗುತ್ತದೆ ಎಂದು ಚಾಲಕರನ್ನು ಕಾಯಿಸುವ ಮಾಲೀಕರಿದ್ದಾರೆ. ಪಂಪಿನ ಟ್ಯಾಂಕ್ ನೆಲದೊಳಗೆ ಇರುವುದರಿಂದ ಹಗಲು ರಾತ್ರಿಗೆ ಅದರ ಉಷ್ಣತೆ ಅಷ್ಟಾಗಿ ಬದಲಾಗುವುದಿಲ್ಲ, ಆ ಕಾಯುವಿಕೆಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಇನ್ನು ನಾಲ್ಕು ರೂಪಾಯಿಯ ಮಾತು. 2024ರ ಅಕ್ಟೋಬರ್ ಕೊನೆಯಲ್ಲಿ ಕಮಿಷನ್ ಏರಿಸಿದ ನಂತರವೂ ಸರ್ಕಾರಿ ಕಂಪನಿಗಳ ಪಂಪಿನವರಿಗೆ ಡೀಸೆಲಿನ ಮೇಲೆ ಲೀಟರಿಗೆ ಸಿಗುವುದು ಎರಡೂವರೆ ರೂಪಾಯಿಯ ಆಸುಪಾಸು. ಹುಡುಗರ ಸಂಬಳ, ಕರೆಂಟು, ಬ್ಯಾಂಕಿನ ಬಡ್ಡಿ ಎಲ್ಲವೂ ಅದರಲ್ಲೇ ನಡೆಯಬೇಕು. ದೊಡ್ಡ ಗ್ರಾಹಕರಿಗೆ ಐವತ್ತು ಪೈಸೆ, ಎಪ್ಪತ್ತೈದು ಪೈಸೆ, ಬಹಳವೆಂದರೆ ಒಂದು ರೂಪಾಯಿ ಬಿಡಬಹುದು. ತನಗೆ ಎರಡೂವರೆ ಸಿಗುವಲ್ಲಿ ನಾಲ್ಕು ಬಿಟ್ಟುಕೊಡುವವರು ಮಾರುತ್ತಿರುವ ವಸ್ತು ತೆರಿಗೆ ಕಟ್ಟಿದ ಡೀಸೆಲ್ ಆಗಿರಲು ಸಾಧ್ಯವಿಲ್ಲ. ಬಯೋಡೀಸೆಲ್ ಎಂಬ ಹೆಸರಿಗೆ ಮರುಳಾಗಬೇಡಿರಿ. ನಿಜವಾದ ಬಯೋಡೀಸೆಲಿಗೆ ಐಎಸ್ 15607 ಎಂಬ ಪ್ರತ್ಯೇಕ ಮಾನದಂಡವಿದೆ, 2019ರ ಕೇಂದ್ರದ ಮಾರ್ಗಸೂಚಿಯಂತೆ ಅದರ ಮಾರಾಟ ಡೀಸೆಲಿನೊಂದಿಗೆ ಬೆರೆಸುವುದಕ್ಕೆ ಮಾತ್ರ, ಅದಕ್ಕೂ ನೋಂದಣಿ ಬೇಕು. ಡೀಸೆಲಿನಲ್ಲಿ ಬೆರೆಯಬಹುದಾದ ಪ್ರಮಾಣಕ್ಕೂ ಶೇ 7ರ ಮಿತಿಯಿದೆ. ಆ ಹೆಸರಿನಲ್ಲಿ ರಾತ್ರಿ ಮಾರಾಟವಾಗುವ ಬಹಳಷ್ಟು ಸರಕು ಕಾರ್ಖಾನೆಗಳಿಗೆಂದು ಬಂದ ಎಣ್ಣೆ ಮತ್ತು ದ್ರಾವಕಗಳ ಮಿಶ್ರಣ. ಅದರಲ್ಲಿ ಗಂಧಕ ಎಷ್ಟಿದೆ ಎಂದು ಕೇಳುವವರಿಲ್ಲ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಮಾರಾಟವಾಗುವ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮೀರುವಂತಿಲ್ಲ, ನಿಮ್ಮ ಬಿಎಸ್-6 ಗಾಡಿಯ ಹೊಗೆ ಶುದ್ಧೀಕರಿಸುವ ಭಾಗಗಳು ಆ ಲೆಕ್ಕಕ್ಕೇ ತಯಾರಾದವು. ಅವು ಹಾಳಾದರೆ ಬರುವ ಖರ್ಚಿನ ಮುಂದೆ ಹದಿನಾರು ಸಾವಿರ ಏನೂ ಅಲ್ಲ.

ಉತ್ತರ 3: ಐದು ಗಾಡಿಗಳ ಮಾಲೀಕ, ಹಾವೇರಿ

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ಲೆಕ್ಕದ ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ, ಏಕೆಂದರೆ ನಾನು ಈ ಲೆಕ್ಕವನ್ನು ತಡವಾಗಿ ಕಲಿತು ಸಾಕಷ್ಟು ಕಳೆದುಕೊಂಡಿದ್ದೇನೆ. ಡೀಸೆಲ್ 90 ರೂಪಾಯಿ, ಗಾಡಿಯ ಆವರೇಜ್ 4 ಎಂದು ಇಟ್ಟುಕೊಳ್ಳಿ. ಕಿಲೋಮೀಟರಿಗೆ 22 ರೂಪಾಯಿ 50 ಪೈಸೆ ಬೀಳುತ್ತದೆ. ಎರಡು ರೂಪಾಯಿ ರಿಯಾಯಿತಿಯ ಡೀಸೆಲಿನಲ್ಲಿ ಆವರೇಜ್ 3.8ಕ್ಕೆ ಇಳಿದರೆ ಕಿಲೋಮೀಟರಿಗೆ 23 ರೂಪಾಯಿ 15 ಪೈಸೆ ದಾಟುತ್ತದೆ. ತಿಂಗಳಿಗೆ ಎಂಟು ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ಐದು ಸಾವಿರಕ್ಕೂ ಹೆಚ್ಚು ನಷ್ಟ. ಲೀಟರಿಗೆ ಕೇವಲ 90 ಮೀಟರ್ ಕಡಿಮೆ ಓಡಿದರೂ ಆ ಎರಡು ರೂಪಾಯಿ ಕರಗಿ ಹೋಗುತ್ತದೆ. ಅದಕ್ಕಾಗಿ ನಾನು ಈಗ ರಿಯಾಯಿತಿಯನ್ನು ಲೀಟರಿನ ಮೇಲೆ ನೋಡುವುದನ್ನೇ ಬಿಟ್ಟು, ಕಿಲೋಮೀಟರಿನ ಮೇಲೆ ನೋಡುತ್ತೇನೆ.

ಫ್ಲೀಟ್ ಕಾರ್ಡಿನ ಬಗ್ಗೆ ಕೇಳಿದ್ದೀರಿ. ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್, ಹಿಂದುಸ್ತಾನ್ ಪೆಟ್ರೋಲಿಯಂನ ಡ್ರೈವ್‌ಟ್ರ್ಯಾಕ್ ಪ್ಲಸ್ ಇವೆಲ್ಲ ಒಂದೆರಡು ಗಾಡಿಗಳಿದ್ದವರಿಗೂ ಸಿಗುತ್ತವೆ. ಪಾಯಿಂಟುಗಳ ರೂಪದಲ್ಲಿ ಬರುವ ಲಾಭ ಲೀಟರಿಗೆ ಪೈಸೆಗಳ ಲೆಕ್ಕದ್ದೇ ಹೊರತು ರೂಪಾಯಿಗಳದ್ದಲ್ಲ. ನನಗೆ ಅದರ ನಿಜವಾದ ಉಪಯೋಗ ಬೇರೆಯದು: ಯಾವ ಗಾಡಿ, ಯಾವ ದಿನ, ಯಾವ ಊರಿನಲ್ಲಿ, ಎಷ್ಟು ಲೀಟರ್ ಎಂಬ ವಿವರ ಮೊಬೈಲಿಗೆ ಬರುತ್ತದೆ, ಮತ್ತು ಒಂದು ಪಂಪು ಸರಿ ಕಾಣದಿದ್ದರೆ ಮರುದಿನವೇ ಅದೇ ಕಂಪನಿಯ ಬೇರೆ ಪಂಪಿಗೆ ಹೋಗಬಹುದು. ಕಷ್ಟವೆಂದರೆ ದುಡ್ಡನ್ನು ಮೊದಲೇ ತುಂಬಿಡಬೇಕು. ಉದ್ರಿಯಲ್ಲಿ ನಡೆಯುವ ನಮ್ಮಂಥವರಿಗೆ ಒಮ್ಮೆಲೇ ಅದು ಸಾಧ್ಯವಾಗುವುದಿಲ್ಲ. ನಾನು ಮೊದಲು ಒಂದು ಗಾಡಿಯನ್ನು ಮಾತ್ರ ಕಾರ್ಡಿಗೆ ಹಾಕಿ, ಎಂಟು ತಿಂಗಳಲ್ಲಿ ಹಳೆಯ ಬಾಕಿ ತೀರಿಸಿಕೊಂಡೆ. ಚಾಲಕರ ಕೈಯಲ್ಲಿ ನಗದು ಇಲ್ಲದಿರುವುದರಿಂದ ದಾರಿಯಲ್ಲಿ ಡೀಸೆಲಿನ ಹೆಸರಿನಲ್ಲಿ ಆಗುವ ಸೋರಿಕೆಯೂ ನಿಂತಿತು.

ಉತ್ತರ 4: ಲಾರಿ ಚಾಲಕ, ಗದಗ

ಹಾವೇರಿಯ ಮಾಲೀಕರ ಕೊನೆಯ ಮಾತಿಗೆ ಚಾಲಕನಾಗಿ ಉತ್ತರ ಕೊಡಬೇಕೆನಿಸಿತು. ಸೋರಿಕೆ ಮಾಡುವ ಚಾಲಕರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆವರೇಜ್ ಇಳಿದ ಕೂಡಲೇ ಮೊದಲ ಅನುಮಾನ ಚಾಲಕನ ಮೇಲೆಯೇ ಬರುತ್ತದೆ, ಭತ್ಯೆಯಲ್ಲಿ ಕಡಿತವಾಗುತ್ತದೆ, ಪಂಪಿನ ಅಳತೆ ನೋಡುವುದು ಕೊನೆಗೆ. ಉದ್ರಿ ಪಂಪಿನಲ್ಲಿ ಮಾತ್ರ ಹಾಕಿಸಬೇಕೆಂಬ ಕಟ್ಟುಪಾಡಿನಿಂದ ನಾವು ಹುಬ್ಬಳ್ಳಿ ತಲುಪುವವರೆಗೆ ತಳ ಕಂಡ ಟ್ಯಾಂಕಿನೊಂದಿಗೆ ಬರುತ್ತೇವೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತುವಾಗ ತಳದ ಕಸವೆಲ್ಲ ಕುಲುಕಿ ಎದ್ದು ಫಿಲ್ಟರಿಗೆ ಬರುವುದನ್ನು ನಾನು ಎಷ್ಟೋ ಬಾರಿ ಅನುಭವಿಸಿದ್ದೇನೆ. ಮಳೆಯಲ್ಲಿ, ತಿರುವಿನಲ್ಲಿ, ಹಿಂದೆ ಸಾಲು ಗಾಡಿಗಳು ನಿಂತಿರುವಾಗ ಫಿಲ್ಟರ್ ಬಿಚ್ಚಿ ಏರ್ ತೆಗೆಯುವವರು ನಾವೇ.

ಒಂದು ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದು, ಮುಂದಿನ ಬಾರಿ ಅದೇ ಪಂಪಿನಲ್ಲಿ, ಅದೇ ಸಮತಟ್ಟು ಜಾಗದಲ್ಲಿ ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿದರೆ ಮಾತ್ರ ಆವರೇಜ್ ಸರಿಯಾಗಿ ತಿಳಿಯುತ್ತದೆ. ಈ ಬರಹವನ್ನು ಚಾಲಕನ ಕೈಯಿಂದಲೇ ಮಾಡಿಸಿ, ಅವನ ಸಹಿ ಹಾಕಿಸಿರಿ. ಲೋಡಿತ್ತೋ ಖಾಲಿಯೋ, ಘಟ್ಟದ ದಾರಿಯೋ ಬಯಲೋ ಎಂಬುದನ್ನೂ ಬರೆಯಲಿ. ಆಗ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಮಾಲೀಕರಿಗೆ ಉಳಿದ ಹಣದಲ್ಲಿ ತಿಂಗಳಿಗೆ ಇಷ್ಟೆಂದು ಚಾಲಕನಿಗೂ ಕೊಟ್ಟರೆ ಅವನು ಗಾಡಿಯನ್ನು ಇನ್ನಷ್ಟು ಜತನದಿಂದ ಓಡಿಸುತ್ತಾನೆ.

ಪ್ರಶ್ನೆ ಕೇಳಿದವರ ಮರುಬರಹ, ಮೂರು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದ ಕ್ರಮದಲ್ಲೇ ನಡೆದೆ. ಬಾಟಲಿಯಲ್ಲಿ ಎರಡು ಬೆರಳಿನಷ್ಟು ನೀರು ತಳದಲ್ಲಿ ನಿಂತಿತು. ಹುಡುಕಿದಾಗ ಟ್ಯಾಂಕಿನ ಮುಚ್ಚಳದ ರಬ್ಬರ್ ಅರ್ಧ ಹರಿದಿರುವುದು ಕಂಡುಬಂತು. ನಾಝಲ್ ಅಂಗಡಿಯವರೂ ತುಕ್ಕಿನ ಚುಕ್ಕೆಗಳನ್ನೇ ತೋರಿಸಿದರು. ಅಂದರೆ ನೀರಿನ ವಿಷಯದಲ್ಲಿ ತಪ್ಪು ನನ್ನ ಗಾಡಿಯದೇ ಆಗಿತ್ತು, ಪಂಪಿನವರ ಬಗ್ಗೆ ಮನಸ್ಸಿನಲ್ಲಿ ಕೆಟ್ಟದ್ದಾಗಿ ಯೋಚಿಸಿದ್ದಕ್ಕೆ ನನಗೆ ನೋವಾಯಿತು.

ಆದರೂ ಧೈರ್ಯ ಮಾಡಿ ಪಂಪಿಗೆ ಹೋಗಿ ಡೆನ್ಸಿಟಿ ಕೇಳಿದೆ. ರಿಜಿಸ್ಟರಿನಲ್ಲಿ 828.4 ಇತ್ತು, ನನ್ನೆದುರು ನೋಡಿ ಕೋಷ್ಟಕದಿಂದ ಬದಲಿಸಿದಾಗ 827.6 ಬಂತು. ಅದೂ ಸರಿಯಾಗಿತ್ತು. ನಂತರ ಐದು ಲೀಟರಿನ ಅಳತೆ ಕೇಳಿದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಲಾರಿಗಳಿಗೆ ಹಾಕುವ ಕಡೆಯ ನಳಿಕೆಯಲ್ಲಿ ಮೂರು ಬಾರಿಯೂ 40 ಮಿಲಿಲೀಟರ್ ಆಸುಪಾಸು ಕಡಿಮೆ ಬಂತು. 90 ರೂಪಾಯಿಯ ಲೆಕ್ಕದಲ್ಲಿ ಲೀಟರಿಗೆ 72 ಪೈಸೆಯಂತೆ ಹೋಗುತ್ತಿತ್ತು, ನನಗೆ ಬಿಟ್ಟುಕೊಡುತ್ತಿದ್ದುದು 50 ಪೈಸೆ. ಪಂಪಿನ ಮಾಲೀಕರನ್ನು ಕರೆಸಿದೆ. ಅವರು ವಾದ ಮಾಡದೆ ಆ ನಳಿಕೆಯನ್ನು ನಿಲ್ಲಿಸಿದರು, ಕಂಪನಿಯ ತಂತ್ರಜ್ಞರನ್ನು ಕರೆಸುತ್ತೇನೆಂದರು. ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಬಯೋಡೀಸೆಲಿನವರಿಗೆ ಲೀಟರ್, ದರ, ಗಾಡಿ ನಂಬರು ಬರೆದ ಜಿಎಸ್‌ಟಿ ಬಿಲ್ಲು ಕೊಡುವಿರಾ ಎಂದು ಕೇಳಿದೆ. ಅಂದಿನಿಂದ ಅವರು ನಮ್ಮ ಆಫೀಸಿನ ಕಡೆ ಬಂದಿಲ್ಲ. ಹೊಸ ಗಾಡಿಯನ್ನು ಕಾರ್ಡಿಗೆ ಹಾಕಲು ಅರ್ಜಿ ಕೊಟ್ಟಿದ್ದೇನೆ. ಹಳೆಯ ಗಾಡಿ ಬಾಕಿ ತೀರುವವರೆಗೆ ಅಲ್ಲಿಯೇ ಹಾಕಿಸುತ್ತದೆ.

ಉತ್ತರ 5: ಪೆಟ್ರೋಲ್ ಪಂಪಿನ ನಿವೃತ್ತ ವ್ಯವಸ್ಥಾಪಕ, ಧಾರವಾಡ

ಒಳ್ಳೆಯ ಕೆಲಸ ಮಾಡಿದಿರಿ. ಒಂದು ಕೆಲಸ ಉಳಿದಿದೆ. ನಳಿಕೆಯನ್ನು ಸರಿಪಡಿಸಲು ಸೀಲ್ ಒಡೆದರೆ ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ಬಂದು ಪರಿಶೀಲಿಸಿ ಮತ್ತೆ ಮುದ್ರೆ ಹಾಕದೆ ಅದರಿಂದ ಮಾರಾಟ ಮಾಡುವಂತಿಲ್ಲ. ಮುಂದಿನ ಬಾರಿ ಹೋದಾಗ ಹೊಸ ಮುದ್ರೆಯ ಪ್ರಮಾಣಪತ್ರದ ದಿನಾಂಕವನ್ನು ನೋಡಿಕೊಂಡು ಬನ್ನಿ, ಅದು ಗ್ರಾಹಕರಿಗೆ ಕಾಣುವಂತೆಯೇ ಇರಬೇಕು. ಪಂಪಿನಲ್ಲಿ ದೂರು ಪುಸ್ತಕವೂ ಇರುತ್ತದೆ. ನೀವು ಅಳೆದ ದಿನ, ಮೂರು ಬಾರಿಯ ಅಂಕಿ, ನಳಿಕೆಯ ಸಂಖ್ಯೆ ಇಷ್ಟನ್ನು ಅದರಲ್ಲಿ ಬರೆದು ಫೋಟೋ ತೆಗೆದಿಟ್ಟುಕೊಳ್ಳಿರಿ. ನಳಿಕೆ ಹಾಗೆಯೇ ಮತ್ತೆ ಶುರುವಾಗಿದ್ದು ಕಂಡರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸುವಾಗ ಆ ಪುಟವೇ ನಿಮ್ಮ ದಾಖಲೆ.